ನಾಯಿಯ ಪಂಚಾಂಗ

ಪುಣೆಯ ನಮ್ಮ ಸೊಸೈಟಿಯಲ್ಲಿ ಬೆಳಿಗ್ಗೆ ಸಂಜೆ ನಾಯಿಗಳನ್ನು ಓಡಾಡಿಸುವ ಒಬ್ಬರಿದ್ದಾರೆ. ಊರು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಋತು ಬದಲಾದಾಗಲೆಲ್ಲ ಅವರು ನಾಯಿ ಸಾಕಿದ ಮನೆಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಧ್ವನಿ ಸಂದೇಶ ಕಳಿಸುತ್ತಾರೆ. ಉಳಿದವರಿಗೆ ಮರಾಠಿಯಲ್ಲಿ, ನನಗೆ ಕನ್ನಡದಲ್ಲಿ. ಬೇಸಿಗೆಯದು ಹೀಗಿತ್ತು: "ಅಕ್ಕಾರ, ನಾಳಿಂದ ಮುಂಜಾನೆ ಆರಕ್ಕ ಬರ್ತೀನ್ರಿ. ಬಿಸಲಾಗ ಹೊರಗ ಬಿಡಬ್ಯಾಡ್ರಿ. ರೋಡಿನ ಮ್ಯಾಲ ಅಂಗೈ ಇಟ್ಟು ಹತ್ತ ಎಣಸ್ರಿ. ನಿಮ್ಮ ಕೈ ತಡೀಲಿಲ್ಲಂದ್ರ ಅದರ ಕಾಲೂ ತಡ್ಯಾಂಗಿಲ್ಲ."

ಮಳೆಗಾಲದ ಸಂದೇಶದಲ್ಲಿ ಉಣ್ಣಿಯ ಮಾತು: ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ದಿನಾ ನೋಡಿ, ಒದ್ದೆ ಕಾಲು ಒರೆಸಿ, ನಿಂತ ನೀರು ಕುಡಿಯಲು ಬಿಡಬೇಡಿ. ದೀಪಾವಳಿಗೆ ಪಟಾಕಿಯ ಮಾತು: ಕತ್ತಲಾಗುವ ಮೊದಲೇ ಓಡಾಡಿಸಿ ಮುಗಿಸಿ, ಕುತ್ತಿಗೆ ಪಟ್ಟಿಯ ಮೇಲೆ ಫೋನ್ ನಂಬರ್ ಇರಲಿ. ಚಳಿಗಾಲದ್ದು ಸಾಕಿದ ನಾಯಿಯ ಕುರಿತಾಗಿರಲೇ ಇಲ್ಲ: "ಕಾರ್ತೀಕ ಮುಗದ ಮ್ಯಾಲ ಗಾಡಿ ಚಾಲೂ ಮಾಡೂ ಮುಂದ ಕೆಳಗ ಬಗ್ಗಿ ನೋಡ್ರಿ. ಮರಿ ಮಲಗಿರ್ತಾವ. ತಾಯಿ ಇದ್ರ ಹತ್ರ ಹೋಗಬ್ಯಾಡ್ರಿ, ಕಡೀತದ."

ಅದೇ ದಿನಗಳಲ್ಲಿ ನಾನು ನಾಯಿಗಳ ಬೇಸಿಗೆ ಆರೈಕೆಯ ಒಂದು ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೆ. ಅದರ ತಲೆಬರಹದಲ್ಲಿ 'ಡಾಗ್ ಡೇಸ್' ಎಂಬ ಮಾತಿತ್ತು. ಕಡುಬೇಸಿಗೆಯ ಕೆಲವು ವಾರಗಳಿಗೆ ಇಂಗ್ಲಿಷಿನಲ್ಲಿ ಇರುವ ಹೆಸರದು. 'ನಾಯಿದಿನಗಳು' ಎಂದು ಬರೆದರೆ ಕನ್ನಡದಲ್ಲಿ ಕಷ್ಟದ ದಿನಗಳು, ನಾಯಿಪಾಡು ಎಂಬ ಅರ್ಥ ಬರುತ್ತದೆಯೇ ಹೊರತು ಬೇಸಿಗೆಯ ಅರ್ಥ ಬರುವುದಿಲ್ಲ. ನಮ್ಮ ಭಾಷೆಗಳಲ್ಲಿಯೂ ನಾಯಿಗೆ ಒಂದು ಕಾಲವಿದೆ. ಆದರೆ ಅದು ಬೇಸಿಗೆಯಲ್ಲ, ಕಾರ್ತೀಕ. ಈ ವ್ಯತ್ಯಾಸವನ್ನು ಹಿಡಿದು ಹೊರಟರೆ ಒಂದು ನಕ್ಷತ್ರಕ್ಕೆ, ಅಲ್ಲಿಂದ ಬೊಂಬಾಯಿಯ ಒಂದು ಗಲಭೆಗೆ, ಅಲ್ಲಿಂದ ಇವತ್ತಿನ ಸುಪ್ರೀಂ ಕೋರ್ಟಿಗೆ ಬಂದು ಮುಟ್ಟುತ್ತೇವೆ.

*ನಕ್ಷತ್ರದ ನಾಯಿ*

ರಾತ್ರಿಯ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನವಾದ ನಕ್ಷತ್ರವನ್ನು ಇಂಗ್ಲಿಷಿನವರು ಸಿರಿಯಸ್ ಎನ್ನುತ್ತಾರೆ. ಗ್ರೀಕರ ಕಣ್ಣಿಗೆ ಅದು ಬೇಟೆಗಾರ ಓರಿಯನ್‌ನ ಹಿಂದೆ ಓಡುವ ನಾಯಿ. ಕೆಲವು ವಾರ ಸೂರ್ಯನ ಬೆಳಕಿನಲ್ಲಿ ಮರೆಯಾಗಿದ್ದ ಅದು ಬೇಸಿಗೆಯ ನಡುವೆ ಮುಂಜಾವಿನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಮೆಡಿಟರೇನಿಯನ್ ಸುತ್ತಿನ ನಾಡುಗಳಲ್ಲಿ ಅದೇ ಹೊತ್ತಿಗೆ ಬಿಸಿಲು ನೆತ್ತಿಗೇರುತ್ತಿತ್ತು, ಜ್ವರ ಹರಡುತ್ತಿತ್ತು. ನಕ್ಷತ್ರ ಮೂಡುವುದರಿಂದಲೇ ಸೆಕೆ ಬರುತ್ತದೆ ಎಂದು ಜನ ನಂಬಿದರು. ರೋಮನ್ನರು ಆ ವಾರಗಳನ್ನು ನಾಯಿಯ ದಿನಗಳೆಂದೇ ಕರೆದರು. ಲ್ಯಾಟಿನ್ನಿನಲ್ಲಿ ನಾಯಿಮರಿಯನ್ನು ಸೂಚಿಸುವ ಪದದಿಂದ ಬಂದ 'ಕ್ಯಾನಿಕ್ಯುಲ್' ಇವತ್ತಿಗೂ ಫ್ರೆಂಚಿನಲ್ಲಿ ಬಿಸಿಗಾಳಿಯ ಹೆಸರು.

ನಕ್ಷತ್ರ ನಾಯಿಯಾದ ಮೇಲೆ ನೆಲದ ನಾಯಿಗೂ ಅದರ ಪ್ರಭಾವ ತಟ್ಟಬೇಕಲ್ಲ. ಕ್ರಿ.ಶ. ಒಂದನೇ ಶತಮಾನದ ರೋಮನ್ ಲೇಖಕ ಹಿರಿಯ ಪ್ಲಿನಿ ತನ್ನ ವಿಶ್ವಕೋಶದಂಥ ಕೃತಿಯಲ್ಲಿ, ಈ ನಕ್ಷತ್ರ ಉರಿಯುವಾಗ ನಾಯಿಗೆ ಹಿಡಿಯುವ ಹುಚ್ಚು ಮನುಷ್ಯನಿಗೆ ಮಾರಕ ಎನ್ನುತ್ತಾನೆ. ಪರಿಹಾರವನ್ನೂ ಹೇಳುತ್ತಾನೆ: ಆ ಮೂವತ್ತು ದಿನ ನಾಯಿಯ ಊಟದಲ್ಲಿ ಕೋಳಿಯ ಹಿಕ್ಕೆ ಬೆರೆಸಬೇಕು. ನಾಯಿ ಆರೈಕೆಗೆ ಋತುಮಾನದ ಸಲಹೆ ಕೊಟ್ಟವರ ಸಾಲಿನಲ್ಲಿ ಪ್ಲಿನಿ ಬಹಳ ಮುಂದೆ ನಿಲ್ಲುತ್ತಾನೆ. ಸಲಹೆ ಮಾತ್ರ ಯಾರೂ ಪಾಲಿಸುವಂಥದ್ದಲ್ಲ.

ಆ ಸಲಹೆಯ ಹಿಂದಿದ್ದ ನಂಬಿಕೆ ಗಟ್ಟಿಯಾಗಿ ಉಳಿಯಿತು. ಬೇಸಿಗೆಯೆಂದರೆ ಹುಚ್ಚುನಾಯಿಯ ಕಾಲ ಎಂಬುದು ಯುರೋಪಿನ ನಗರಗಳ ಸಾಮಾನ್ಯ ಜ್ಞಾನವಾಯಿತು. 1760ರ ಬೇಸಿಗೆಯಲ್ಲಿ ಲಂಡನ್ ನಗರ ಹುಚ್ಚುನಾಯಿಯ ಭಯದಿಂದ ಬೀದಿಯಲ್ಲಿ ಸಿಕ್ಕ ನಾಯಿಗಳನ್ನು ಕೊಲ್ಲಿಸಿತು. ಹುಚ್ಚು ಹಿಡಿದ ನಾಯಿ ಯಾವುದೆಂದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಕ್ಯಾಲೆಂಡರ್ ನೋಡಿದರೆ ಸಾಕಿತ್ತು.

ಅದೇ ನಕ್ಷತ್ರಕ್ಕೆ ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ಲುಬ್ಧಕ, ಮೃಗವ್ಯಾಧ ಎಂಬ ಹೆಸರುಗಳಿವೆ. ಎರಡಕ್ಕೂ ಬೇಡನೆಂದೇ ಅರ್ಥ. ಜಿಂಕೆಯ ತಲೆಯಾದ ಮೃಗಶಿರವನ್ನು ಅಟ್ಟಿಸಿಕೊಂಡು ಬಾಣ ಬಿಟ್ಟವನು ಅವನು. ನಮ್ಮ ಕಡೆ ಬಿಸಿಲು ಏರುವ ಏಪ್ರಿಲ್, ಮೇ ತಿಂಗಳಲ್ಲಿ ಅವನು ಸಂಜೆಯಾಗುತ್ತಲೇ ಪಡುವಣಕ್ಕೆ ಇಳಿದುಹೋಗುತ್ತಾನೆ. ಅವನ ಮೇಲೆ ಸೆಕೆಯ ಆರೋಪ ಹೊರಿಸುವ ಹಾಗೂ ಇಲ್ಲ, ನಾಯಿಯ ಹುಚ್ಚಿನ ಆರೋಪ ಹೊರಿಸುವ ಹಾಗೂ ಇಲ್ಲ.

*ಬೊಂಬಾಯಿ, 1832*

ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರದ ಜೊತೆ ಆ ಯುರೋಪಿನ ನಂಬಿಕೆಯೂ ಹಡಗು ಹತ್ತಿ ಬಂದಿತು. ಬೊಂಬಾಯಿಯಲ್ಲಿ 1813ರ ಒಂದು ನಿಯಮವಿತ್ತು. ವರ್ಷದಲ್ಲಿ ಎರಡು ಅವಧಿ, ಏಪ್ರಿಲ್ 15ರಿಂದ ಮೇ 15ರವರೆಗೆ ಮತ್ತು ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ, ಬೀದಿಯ ನಾಯಿಗಳನ್ನು ಕೊಲ್ಲಬಹುದು. ಮುಂಬೈಯಲ್ಲಿ ಬದುಕಿದವರಿಗೆ ಈ ದಿನಾಂಕಗಳ ತರ್ಕ ಕೂಡಲೇ ಹೊಳೆಯುತ್ತದೆ. ಒಂದು ಮಳೆಗೆ ಮುಂಚಿನ ಸೆಕೆ, ಇನ್ನೊಂದು ಮಳೆ ನಿಂತ ಮೇಲಿನ ಅಕ್ಟೋಬರ್ ಸೆಕೆ. ರೋಮನ್ನರ ನಾಯಿದಿನಗಳು ಅರಬ್ಬೀ ಸಮುದ್ರದ ದಂಡೆಯಲ್ಲಿ ಹೀಗೆ ಎರಡು ಕಂತುಗಳಾದವು.

1832ರಲ್ಲಿ ಪೊಲೀಸ್ ಮ್ಯಾಜಿಸ್ಟ್ರೇಟರು ಬೇಸಿಗೆಯ ಅವಧಿಯನ್ನು ಜೂನ್ 15ರವರೆಗೆ ಹಿಗ್ಗಿಸಿದರು. ಕೊಂದ ಪ್ರತಿ ನಾಯಿಗೆ 8 ಆಣೆ ಇನಾಮು. ಕೂಲಿಯವನ ಕಣ್ಣಿಗೆ ಆ ಕಾಲದ 8 ಆಣೆ ಸಣ್ಣ ಮೊತ್ತವಲ್ಲ. ಹುಚ್ಚುನಾಯಿ ಹುಡುಕುತ್ತ ಕೂರುವ ಬದಲು ಸಿಕ್ಕದ್ದನ್ನು ಹೊಡೆಯುವುದು ಲಾಭದ ದಾರಿ. ಮನೆಬಾಗಿಲಲ್ಲಿ ಮಲಗಿದ್ದ ಸಾಕುನಾಯಿಗಳನ್ನೂ ಬಿಡುತ್ತಿಲ್ಲವೆಂದು ಜನ ದೂರಿದರು.

ಈ ಕೆಲಸ ಪಾರ್ಸಿಗಳು ನೆಲೆಸಿದ್ದ ಕೋಟೆ ಪ್ರದೇಶದಲ್ಲಿ ನಡೆಯುತ್ತಿತ್ತು. ಜರತುಷ್ಟ್ರ ಧರ್ಮದಲ್ಲಿ ನಾಯಿ ಬರಿಯ ಕಾವಲಿನ ಪ್ರಾಣಿಯಲ್ಲ. ಮನುಷ್ಯ ಸತ್ತಾಗ ದೇಹದ ಮುಂದೆ ನಾಯಿಯನ್ನು ತಂದು ನಿಲ್ಲಿಸಿ ಅದರ ನೋಟ ಬೀಳುವಂತೆ ಮಾಡುವ 'ಸಗ್‌ದೀದ್' ಎಂಬ ಕ್ರಿಯೆಯಿದೆ. ಹುಬ್ಬಿನ ಮೇಲೆ ಎರಡು ಚುಕ್ಕೆಗಳಿರುವ 'ನಾಲ್ಕು ಕಣ್ಣಿನ' ನಾಯಿ ಅದಕ್ಕೆ ಶ್ರೇಷ್ಠ. ಅಂಥವರ ಬೀದಿಯಲ್ಲಿ ನಾಯಿಗಳನ್ನು ಬಡಿದು ಹಾಕಿದರೆ ಏನಾಗಬೇಕೋ ಅದಾಯಿತು. ಜೂನ್ 6ರಂದು ಸುಮಾರು 200 ಮಂದಿಯ ಗುಂಪು ನಾಯಿ ಹಿಡಿಯುವ ಕಾನ್‌ಸ್ಟೇಬಲ್‌ಗಳ ಮೇಲೆ ಬಿದ್ದಿತು. ಮರುದಿನ ಅಂಗಡಿಗಳು ಬಾಗಿಲು ಹಾಕಿದವು. ಪಾರ್ಸಿಗಳ ಜೊತೆ ಹಿಂದೂಗಳೂ ಜೈನರೂ ಇಸ್ಮಾಯಿಲಿ ಮುಸಲ್ಮಾನರೂ ಸೇರಿದರು. ಕೊಲಾಬಾದ ಸೈನಿಕರಿಗೆ ಹೋಗಬೇಕಿದ್ದ ಆಹಾರ, ನೀರಿನ ಸರಬರಾಜು ನಿಂತಿತು. ಕೊನೆಗೆ ಸೈನ್ಯ ಬಂದು ಗುಂಪನ್ನು ಚದುರಿಸಬೇಕಾಯಿತು, ಹಲವರ ಬಂಧನವಾಯಿತು.

ಗಲಭೆ ಅಡಗಿದ ಮೇಲೆ ಜಮ್‌ಶೆಟ್‌ಜಿ ಜೀಜೀಭಾಯ್ ಮುಂತಾದ ವರ್ತಕರು ಸರ್ಕಾರದೊಡನೆ ಮಾತಿಗೆ ಕೂತರು. ನಾಯಿಗಳನ್ನು ಕೊಲ್ಲುವ ಬದಲು ಊರ ಹೊರಗೆ ಸಾಗಿಸುವ ದಾರಿ ಹೊರಟಿತು. ಎರಡು ವರ್ಷದ ನಂತರ, 1834ರಲ್ಲಿ, ಅದೇ ಜೀಜೀಭಾಯ್ ಮತ್ತು ಜೈನ ವರ್ತಕರು ಸೇರಿ ಬಿಡಾಡಿ ಪ್ರಾಣಿಗಳಿಗಾಗಿ ಭುಲೇಶ್ವರದಲ್ಲಿ ಪಾಂಜರಪೋಳ ಕಟ್ಟಿದರು. ಅದು ಇಂದಿಗೂ ಇದೆ. ಇವತ್ತು ಅಲ್ಲಿ ಹಸುಗಳಿಗೆ ಹುಲ್ಲು ತಿನ್ನಿಸುವ ಬಹಳ ಜನಕ್ಕೆ, ಅದರ ಹುಟ್ಟಿನ ಹಿಂದೆ ನಾಯಿಗಳೂ ಇದ್ದವೆಂಬುದು ಗೊತ್ತಿರಲಾರದು.

ಈ ಗಲಭೆಯನ್ನು ಇತಿಹಾಸಕಾರರು ಸಾಮಾನ್ಯವಾಗಿ ಧರ್ಮದ ಪ್ರಶ್ನೆಯಾಗಿ, ಬ್ರಿಟಿಷರಿಗೂ ಪಾರ್ಸಿಗಳಿಗೂ ನಡುವೆ ಇದ್ದ ನಂಬಿಕೆಯ ಬಿರುಕಾಗಿ ನೋಡುತ್ತಾರೆ. ಅದು ಸರಿಯೇ. ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ ಆ ದಿನಾಂಕಗಳ ಮೇಲೆ ಹೋಗುತ್ತದೆ. ರೇಬೀಸ್ ವೈರಸ್ಸಿಗೆ ಸೆಕೆ ಬೇಕಿಲ್ಲ. ನಾಯಿಯ ಮೈಗೆ ಹೊಕ್ಕ ಮೇಲೆ ಅದು ಲಕ್ಷಣ ತೋರಿಸಲು ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳು ಹಿಡಿಯುತ್ತದೆ. ಚಳಿಯಲ್ಲಿ ಕಚ್ಚಿಸಿಕೊಂಡದ್ದು ಬೇಸಿಗೆಯಲ್ಲಿ ಕೆರಳಬಹುದು, ಬೇಸಿಗೆಯದು ಮಳೆಯಲ್ಲಿ. ಹಾಗಾದರೆ ಮೇ ತಿಂಗಳ ಬೊಂಬಾಯಿಯಲ್ಲಿ ಕಾನ್‌ಸ್ಟೇಬಲ್ ನೋಡಿದ ನಾಯಿಗಳು ಎಂಥವು?

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಸ್ವಲ್ಪ ಬೆವರು ಅಂಗಾಲಿನಲ್ಲಿ, ಉಳಿದ ತಾಪವೆಲ್ಲ ಬಾಯಿ ತೆರೆದು ಏದುಸಿರು ಬಿಟ್ಟೇ ಇಳಿಯಬೇಕು. ಅದರ ಸಹಜ ಮೈಬಿಸಿ 38ರಿಂದ 39 ಡಿಗ್ರಿ. 41 ದಾಟಿದರೆ ಜೀವಕ್ಕೆ ಅಪಾಯ. ಆಗ ದಪ್ಪ ಜೊಲ್ಲು ಸುರಿಯುತ್ತದೆ, ಕಣ್ಣು ಕೆಂಪಾಗುತ್ತದೆ, ಕಾಲು ತಡವರಿಸುತ್ತದೆ, ಕರೆದರೆ ಗುರುತು ಸಿಗುವುದಿಲ್ಲ. ಹುಚ್ಚುನಾಯಿಯ ಬಗ್ಗೆ ನಮ್ಮ ಮನಸ್ಸಿನಲ್ಲಿರುವ ಚಿತ್ರವೂ ಹೆಚ್ಚುಕಡಿಮೆ ಇದೇ. ಮೇ ತಿಂಗಳಲ್ಲಿ ಸತ್ತ ಆ ನಾಯಿಗಳಲ್ಲಿ ಎಷ್ಟಕ್ಕೆ ಒಂದು ಬೋಗುಣಿ ನೀರು ಸಾಕಾಗಿತ್ತೋ! ಅಂಗೈ ಊರಿ ರಸ್ತೆಯ ಬಿಸಿ ನೋಡಿ ಎನ್ನುವ ಸಲಹೆಯೂ, ಏಪ್ರಿಲ್ 15ರಿಂದ ಕೊಲ್ಲಿ ಎನ್ನುವ ಆದೇಶವೂ ಒಂದೇ ಸೆಕೆಯ ಕುರಿತಾದವು. ಮೊದಲನೆಯದು ನಾಯಿಯ ಅಂಗಾಲಿನಿಂದ ಹೊರಡುತ್ತದೆ, ಎರಡನೆಯದು ಮನುಷ್ಯನ ಭಯದಿಂದ.

*ಕಾರ್ತೀಕದ ನಾಯಿ*

ಈಗ ನಮ್ಮ ಭಾಷೆಗಳ ನಾಯಿಮಾಸಕ್ಕೆ ಬರೋಣ. ಕನ್ನಡದಲ್ಲಿ 'ಕಾರ್ತೀಕ ಮಾಸದ ನಾಯಿ' ಎನ್ನುವುದು ಬೈಗುಳ. ಕಾಮಕ್ಕೆ ಅಲೆಯುವವನನ್ನು ಹಾಗೆನ್ನುತ್ತಾರೆ. ಪುಣೆ, ಮುಂಬೈಯಲ್ಲಿರುವವರು ಮರಾಠಿಯಲ್ಲಿ ಇದನ್ನೇ ಭಾದ್ರಪದದ ನಾಯಿ ಎಂದು ಕೇಳಿರುತ್ತೀರಿ. ಹೈದರಾಬಾದಿನವರಿಗೆ ತೆಲುಗಿನ 'ಚಿತ್ತ ಕಾರ್ತೆ ಕುಕ್ಕ' ಪರಿಚಿತ. ಕಾರ್ತೆ ಎಂದರೆ ನಮ್ಮ ರೈತರು ಲೆಕ್ಕ ಹಾಕುವ ಮಳೆನಕ್ಷತ್ರ. ನಮ್ಮ ಚಿತ್ತಾ ಮಳೆಯೇ ಅದು, ಅಕ್ಟೋಬರ್ ನಡುವಿನ ಎರಡು ವಾರ.

ಮೂರು ಭಾಷೆ, ಬೈಗುಳ ಒಂದೇ, ತಿಂಗಳು ಮಾತ್ರ ಸ್ವಲ್ಪ ಹಿಂದೆ ಮುಂದೆ. ಭಾದ್ರಪದದಿಂದ ಕಾರ್ತೀಕದವರೆಗೆ ಎಂದರೆ ಆಗಸ್ಟ್ ಕೊನೆಯಿಂದ ನವೆಂಬರ್. ಸಭ್ಯರು ಈ ಮಾತನ್ನು ಬಾಯಲ್ಲಿ ಆಡುವುದಿಲ್ಲ, ನಿಘಂಟಿನವರು ಸಂಕೋಚಪಡುತ್ತಾರೆ. ಬೈಗುಳವೆಂಬ ಸಿಪ್ಪೆ ಸುಲಿದರೆ ಒಳಗಿರುವುದು ಒಂದು ನಿಖರವಾದ ಗಮನಿಕೆ: ಬೀದಿನಾಯಿಗಳು ಬೆದೆಗೆ ಬರುವ ಕಾಲ ಮಳೆಗಾಲದ ಕೊನೆಗೆ.

ಸಾಕಿದ ಜಾತಿನಾಯಿಗಳು ವರ್ಷದಲ್ಲಿ ಸಾಮಾನ್ಯವಾಗಿ ಎರಡು ಸಲ, ಯಾವ ತಿಂಗಳಿನಲ್ಲಾದರೂ ಬೆದೆಗೆ ಬರಬಹುದು. ಬೀದಿನಾಯಿಗಳ ರೀತಿ ಬೇರೆ. ಜೈಪುರದಲ್ಲಿ ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ತೊಡಗಿದ್ದ ಪಶುವೈದ್ಯರು ಇದನ್ನು ದಾಖಲಿಸಿದ್ದಾರೆ. ಪಶ್ಚಿಮ ಬಂಗಾಳದಲ್ಲಿ ಬೀದಿನಾಯಿಗಳನ್ನು ಗಮನಿಸಿದ ವಿಜ್ಞಾನಿಗಳೂ ಇಂಥದೇ ಋತುಮಾನ ಕಂಡಿದ್ದಾರೆ. ಗರ್ಭದ ಅವಧಿ ಸುಮಾರು 63 ದಿನ. ಕಾರ್ತೀಕದಲ್ಲಿ ಕೂಡಿದ ನಾಯಿ ಪುಷ್ಯದ ಹೊತ್ತಿಗೆ ಮರಿ ಹಾಕುತ್ತದೆ. ಚಳಿಗಾಲದಲ್ಲಿ ಕಾರಿನ ಕೆಳಗೆ ಮರಿಗಳಿರುತ್ತವೆ ಎಂಬ ಮಾತಿನ ಲೆಕ್ಕ ಇದು.

"ತಾಯಿ ಇದ್ರ ಹತ್ರ ಹೋಗಬ್ಯಾಡ್ರಿ" ಎಂಬುದಕ್ಕೂ ಲೆಕ್ಕವಿದೆ. ಜೈಪುರದ ಅದೇ ವೈದ್ಯರು ಆಸ್ಪತ್ರೆಗೆ ಬಂದ ನಾಯಿಕಡಿತದ ಪ್ರಕರಣಗಳನ್ನು ತಿಂಗಳುವಾರು ನೋಡಿದಾಗ, ಕಡಿತಗಳು ನಾಯಿಗಳು ಮರಿ ಹಾಕುವ ಕಾಲಕ್ಕೆ ಹೊಂದಿಕೊಂಡು ಏರುತ್ತಿದ್ದವು. ಮರಿ ಕಾಯುವ ತಾಯಿ ಕಚ್ಚುತ್ತಿತ್ತು. ಸಂತಾನಹರಣ ಹೆಚ್ಚಾದಂತೆ ಆ ಕಡಿತಗಳೂ ಇಳಿದವು. ಅಂದರೆ ಕಡಿತಕ್ಕೊಂದು ಋತುವಿದೆ, ಆ ಋತುವನ್ನು ಬಿಸಿಲು ತರುವುದಿಲ್ಲ, ತಾಯ್ತನ ತರುತ್ತದೆ.

ಇಲ್ಲಿ ಒಮ್ಮೆ ಬೊಂಬಾಯಿಯ ಎರಡನೆಯ ಅವಧಿಯನ್ನು ನೆನೆಯಿರಿ: ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15. ಬೆದೆಯ ಕಾಲಕ್ಕೆ ಸರಿಯಾಗಿ ಬೀಳುತ್ತದೆ. ಒಂದು ಹೆಣ್ಣುನಾಯಿಯ ಹಿಂದೆ ಆರೇಳು ಗಂಡುನಾಯಿಗಳು, ಕಚ್ಚಾಟ, ರಾತ್ರಿಯಿಡೀ ಬೊಗಳಾಟ. ಹೊರನಾಡಿನಿಂದ ಬಂದ ಅಧಿಕಾರಿಗೆ ಇದು ಹುಚ್ಚಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಇದು ನನ್ನ ಊಹೆ. ಆದರೆ ಆ ನಗರದ ಯಾವ ಮರಾಠಿ ಕೂಲಿಯವನನ್ನು ಕೇಳಿದ್ದರೂ ಅದು ಭಾದ್ರಪದದ ನಾಯಿ ಎಂದು ಹೇಳುತ್ತಿದ್ದ.

ಪಾರ್ಸಿಗಳ ಗ್ರಂಥವಾದ ವೆಂದಿದಾದ್‌ನಲ್ಲಿಯೂ ಈ ಕಾಲಕ್ಕೆ ಒಂದು ವಿಧಿಯಿದೆ. ಬೀದಿಯಲ್ಲಿರುವ ನಾಯಿ ಮರಿ ಹಾಕುವಂತಿದ್ದರೆ ಅದರ ಹೊಣೆ ಯಾರದು? ಯಾರ ಮನೆ ಹತ್ತಿರವೋ ಅವರದು ಎನ್ನುತ್ತದೆ 15ನೆಯ ಅಧ್ಯಾಯ. ಮರಿಗಳು ತಮ್ಮ ಪಾಡು ತಾವು ನೋಡಿಕೊಳ್ಳುವಷ್ಟು ಬೆಳೆಯುವವರೆಗೆ ಅನ್ನ ಹಾಕಬೇಕು. ಯಾರದೂ ಅಲ್ಲದ ನಾಯಿ ಎಂಬ ವರ್ಗವೇ ಅಲ್ಲಿಲ್ಲ. 8 ಆಣೆಯ ಆದೇಶ ನಿಂತಿದ್ದದ್ದು ಆ ವರ್ಗದ ಮೇಲೆಯೇ.

*ಸೂಜಿಯ ಕಾಲ*

ಭಯ ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್ ಇವತ್ತಿಗೂ ಬಹುತೇಕ ಸಾವೇ. ನೀರು ಕಂಡರೆ ಹೆದರುವ ಲಕ್ಷಣವನ್ನು ಸುಶ್ರುತ ಸಂಹಿತೆ 'ಜಲತ್ರಾಸ' ಎಂದು ಹೆಸರಿಸಿ, ಅದು ಕಂಡವನು ಉಳಿಯುವುದಿಲ್ಲ ಎಂದು ಹೇಳಿದೆ. 1885ರ ಜುಲೈಯಲ್ಲಿ ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಟ್ಟು ಬದುಕಿಸುವವರೆಗೆ ಮನುಷ್ಯನ ಕೈಯಲ್ಲಿದ್ದ ಆಯುಧ ದೊಣ್ಣೆಯೊಂದೇ.

ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಆರಂಭವಾದವು. ದಕ್ಷಿಣದ ಊರುಗಳಿಂದ ನಾಯಿ ಕಚ್ಚಿದವರು ಚಿಕಿತ್ಸೆಗೆ ರೈಲು ಹತ್ತಿ ಕೂನೂರಿಗೆ ಹೋಗುವ ಕಾಲವಿತ್ತು. 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ಕುರಿಯ ಮೆದುಳಿನಿಂದ ತಯಾರಿಸಿದ ಲಸಿಕೆಯೇ 'ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್' ಎಂದು ನಮ್ಮ ಹಿರಿಯರು ನಡುಗಿ ಹೇಳುತ್ತಿದ್ದದ್ದು. ಸುರಕ್ಷಿತವಾದ ಹೊಸ ಲಸಿಕೆಗಳು ಬಂದು, 2005ರ ಹೊತ್ತಿಗೆ ಅದರ ಬಳಕೆ ಇಲ್ಲಿ ನಿಂತಿತು.

ಮನುಷ್ಯನಿಗೆ ಸೂಜಿ ಬಂದರೂ ಬೀದಿನಾಯಿಗೆ ದೊಣ್ಣೆ ತಪ್ಪಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ನಗರಪಾಲಿಕೆಗಳು ವಿಷ, ವಿದ್ಯುತ್ತು ಬಳಸಿ ಕೊಲ್ಲುತ್ತಲೇ ಇದ್ದವು. ಮದ್ರಾಸಿನಲ್ಲಿ ವಿ. ಸುಂದರಂ ಅವರ ಮನೆಯಿಂದ ಶುರುವಾದ ಬ್ಲೂ ಕ್ರಾಸ್ ಸಂಸ್ಥೆ, ಕೊಲ್ಲುವುದರ ಬದಲು ಸಂತಾನಹರಣ ಮಾಡಿ ಲಸಿಕೆ ಹಾಕಿ ಅದೇ ಬೀದಿಗೆ ಬಿಡಿ ಎಂದು ಮೂರು ದಶಕ ವಾದಿಸಿತು. ಅವರ ತರ್ಕ ಸರಳ: ಒಂದು ಬೀದಿಯ ನಾಯಿಗಳನ್ನು ಎತ್ತಿದರೆ ಕಸದ ತೊಟ್ಟಿ ಅಲ್ಲೇ ಇರುತ್ತದೆ, ಪಕ್ಕದ ಬೀದಿಯ ನಾಯಿಗಳು ಬರುತ್ತವೆ, ಅವುಗಳಿಗೆ ಲಸಿಕೆಯೂ ಆಗಿರುವುದಿಲ್ಲ. 1996ರಲ್ಲಿ ಮದ್ರಾಸ್ ಪಾಲಿಕೆ ಆ ದಾರಿ ಹಿಡಿಯಿತು. 2001ರ ಡಿಸೆಂಬರಿನಲ್ಲಿ ಅದು ದೇಶದ ನಿಯಮವಾಯಿತು, 2023ರಲ್ಲಿ ಹೊಸ ನಿಯಮಗಳು ಬಂದವು. ಬೀದಿನಾಯಿಗಳಿಗೆ ಅನ್ನ ಹಾಕುವ ಜಾಗ, ಹೊತ್ತು ಗೊತ್ತುಮಾಡುವ ಹೊಣೆಯನ್ನು 2023ರ ನಿಯಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕೊಟ್ಟಿದೆ. ವೆಂದಿದಾದ್‌ನ 'ಹತ್ತಿರದ ಮನೆ' ಈಗ ಸೊಸೈಟಿ ಕಮಿಟಿಯಾಗಿದೆ.

*ತಿಂಗಳು ನೋಡಿ ಮಾಡುವ ಕೆಲಸ*

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಗಳಲ್ಲಿ ಇಡಬೇಕೆಂದು ಆದೇಶಿಸಿತು. ದೇಶದಲ್ಲೆಲ್ಲ ವಾದವೆದ್ದಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿತು: ಸಂತಾನಹರಣ, ಲಸಿಕೆ ಆದ ಮೇಲೆ ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ತಗುಲಿದ ಅಥವಾ ಆಕ್ರಮಣಕಾರಿಯಾದ ನಾಯಿಗಳನ್ನು ಬಿಡಬಾರದು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಜಾಗಗಳಿಂದ ನಾಯಿಗಳನ್ನು ತೆರವು ಮಾಡಬೇಕೆಂಬ ಆದೇಶ ಬಂದಿತು. ಈ ವಾದದ ಎರಡೂ ಕಡೆ ನೋವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ನಮ್ಮ ದೇಶದವು, ಸಾಯುವವರಲ್ಲಿ ಬಹಳ ಮಂದಿ ಮಕ್ಕಳು. ನಾಯಿಪ್ರೀತಿಯ ಹೆಸರಿನಲ್ಲಿ ಅದನ್ನು ಮರೆಯುವಂತಿಲ್ಲ.

ಅದಕ್ಕೇ ಪಂಚಾಂಗದ ಮಾತು ಮುಖ್ಯವಾಗುವುದು. ಆಗಸ್ಟ್ 22ರ ಆ ಆದೇಶ ಬಂದ ಎರಡೇ ದಿನಕ್ಕೆ ಭಾದ್ರಪದ ಶುರುವಾಯಿತು. ಬೆದೆಯ ಕಾಲ ಮೆಟ್ಟಿಲ ಮೇಲಿರುವಾಗ ಕಾರ್ಯಾಚರಣೆ ಆರಂಭಿಸಿದರೆ, ಪಾಲಿಕೆಯ ಗಾಡಿ ಒಂದು ಬೀದಿ ಮುಗಿಸುವಷ್ಟರಲ್ಲಿ ಮೂರು ಬೀದಿಗಳಲ್ಲಿ ಗರ್ಭ ನಿಂತಿರುತ್ತದೆ. ಸಂತಾನಹರಣದ ಕೆಲಸ ಬಿರುಸಾಗಬೇಕಾದದ್ದು ಬೇಸಿಗೆಯಿಂದ ಶ್ರಾವಣದವರೆಗೆ. ಲಸಿಕೆಗೆ ಅಂಥ ಕಾಲವಿಲ್ಲ. ನಾಯಿಗಳಲ್ಲಿ ಶೇಕಡ 70ಕ್ಕೆ ಲಸಿಕೆಯಾದರೆ ರೋಗದ ಸರಪಳಿ ತುಂಡಾಗುತ್ತದೆ ಎಂಬುದು ಒಪ್ಪಿತ ಲೆಕ್ಕ. ಆದರೆ ಮರಿಗಳು ಚಳಿಗಾಲದಲ್ಲಿ ಒಟ್ಟಿಗೆ ಹುಟ್ಟುವುದರಿಂದ ಪ್ರತಿ ವರ್ಷ ಬೇಸಿಗೆಯ ಹೊತ್ತಿಗೆ ಲಸಿಕೆಯಾಗದ ಒಂದು ಇಡೀ ತಲೆಮಾರು ಬೀದಿಯಲ್ಲಿರುತ್ತದೆ. ಪ್ರತಿ ವರ್ಷ ಅವನ್ನು ಹುಡುಕಿ ಚುಚ್ಚಬೇಕು.

ಮನೆಯ ಮಟ್ಟದಲ್ಲಿಯೂ ಇದೇ. ಬೇಸಿಗೆಯಲ್ಲಿ ಗೇಟಿನ ಹೊರಗೆ ಒಂದು ಮಣ್ಣಿನ ಬೋಗುಣಿ ನೀರು. ಮಳೆಗಾಲಕ್ಕೆ ಮೊದಲು ಇಲಿಜ್ವರದ ಲಸಿಕೆ: 2005ರ ಜುಲೈ 26ರ ಪ್ರಳಯದ ನಂತರ ಆ ಜ್ವರ ಏನು ಮಾಡಿತೆಂಬುದು ಮುಂಬೈಯವರಿಗೆ ನೆನಪಿದೆ, ನಿಂತ ನೀರಿನಿಂದ ಅದು ನಾಯಿಗೂ ತಗುಲುತ್ತದೆ. ಭಾದ್ರಪದಕ್ಕೆ ಮೊದಲು ನಿಮ್ಮ ಬೀದಿಯ ಹೆಣ್ಣುನಾಯಿಯ ಕಿವಿ ನೋಡಿ, ತುದಿ ಕತ್ತರಿಸಿದ ಗುರುತಿದ್ದರೆ ಸಂತಾನಹರಣವಾಗಿದೆ, ಇಲ್ಲದಿದ್ದರೆ ಪಾಲಿಕೆಗೆ ಅಥವಾ ಊರಿನ ಪ್ರಾಣಿದಯಾ ಸಂಸ್ಥೆಗೆ ಒಂದು ಫೋನು. ಪುಷ್ಯ ಮಾಸದಲ್ಲಿ ಮರಿ ಇರುವ ಮೂಲೆಗೆ ಮಕ್ಕಳು ಹೋಗದಂತೆ ನಿಗಾ. ನಾಯಿ ಕಚ್ಚಿದರೆ ಯಾವ ತಿಂಗಳಾದರೂ ಸರಿ, ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ.

'ಡಾಗ್ ಡೇಸ್' ಎಂಬ ತಲೆಬರಹವನ್ನು ನಾನು ಕೊನೆಗೆ 'ಕಡುಬೇಸಿಗೆ' ಎಂದಷ್ಟೇ ಬರೆದೆ. ನಾಯಿಯನ್ನು ಬಿಸಿಲಿಗೆ ಕಟ್ಟಿಹಾಕುವ ಆ ಹಳೆಯ ನಂಟು ಕನ್ನಡಕ್ಕೆ ಬೇಕಿಲ್ಲ. ನಮ್ಮಲ್ಲಿ ಮೊದಲೇ ಇರುವ ಮಾತು, ಬಾಯಿಬಿಟ್ಟು ಹೇಳಲು ನಾಚುವ ಆ ಕಾರ್ತೀಕದ ಬೈಗುಳ, ಪ್ಲಿನಿಗಿಂತಲೂ ಬೊಂಬಾಯಿಯ ಮ್ಯಾಜಿಸ್ಟ್ರೇಟರಿಗಿಂತಲೂ ಹೆಚ್ಚು ಸರಿಯಾಗಿ ನಾಯಿಯನ್ನು ನೋಡಿತ್ತು. ಇನ್ನು ಅದನ್ನು ಪಾಲಿಕೆಯ ಕಡತದಲ್ಲಿ, ಟೆಂಡರಿನ ದಿನಾಂಕದಲ್ಲಿ ಓದುವುದಷ್ಟೇ ಬಾಕಿ.